ಇದ್ದದ್ದು ಇದ್ದ ಹಾಗೆ ಹೇಳಲು ಏನು ಬೇಕು?

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ನೀರಿನೊಂದಿಗೆ ಕೊಚ್ಚಿಕೊಂಡು ಹೋಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಇಂಥ 33 ಗೇಟುಗಳು ಈ ಅಣೆಕಟ್ಟಿಗಿವೆ. ಕಟ್ಟಿ ಎಪ್ಪತ್ತು ವರ್ಷವಾದರೂ ಒಂದೂ ಹೀಗೆ ಹೋಗಿರಲಿಲ್ಲ. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕಂಪ್ಲಿ ಕಡೆಯ ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಹೋಯಿತು. ದುರಸ್ತಿಗೆ ಮೊದಲು ಅರವತ್ತು ಟಿಎಂಸಿಯಷ್ಟು ನೀರು ಖಾಲಿ ಮಾಡಬೇಕಾದೀತು ಎಂಬ ಮಾತು ಕೇಳಿಬಂದಾಗ ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರದ ಭತ್ತದ ರೈತರ ಎದೆ ಧಸಕ್ಕೆಂದಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ಉಕ್ಕಿನ ತುಂಡುಗಳನ್ನು, ಇಳಿಸಬಹುದು ಎಂದವರು ಗೇಟ್ ತಜ್ಞ ಕನ್ನಯ್ಯ ನಾಯ್ಡು. ಅವರು ನಿವೃತ್ತರು, ಆದರೂ ಅವರ ಮಾತಿಗೆ ಕಿವಿಗೊಟ್ಟರು. ತೋರಣಗಲ್ಲಿನ ಜಿಂದಾಲ್‌ನಲ್ಲಿ, ಹೊಸಪೇಟೆಯ ವರ್ಕ್‌ಶಾಪ್‌ಗಳಲ್ಲಿ ಉಕ್ಕಿನ ತುಂಡುಗಳು ತಯಾರಾದವು. ಮೊದಲ ಯತ್ನ ಕೈಗೂಡಲಿಲ್ಲ. 16ರಂದು ಮೊದಲ ತುಂಡು ಕೂತಿತು, ಮರುದಿನ ಉಳಿದವು. ಜಲಾಶಯದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿರುವಾಗಲೇ ಕೆಲಸ ಮುಗಿಯಿತು. ಸೆಪ್ಟೆಂಬರ್ ಹೊತ್ತಿಗೆ ಡ್ಯಾಂ ಮತ್ತೆ ತುಂಬಿತು.

ಗೇಟು ಯಾಕೆ ಹೋಯಿತು ಎಂಬುದು ಉಕ್ಕು, ತುಕ್ಕು, ವಯಸ್ಸಿನ ಲೆಕ್ಕ. ಅದನ್ನು ತಜ್ಞರು ನೋಡಿದ್ದಾರೆ, 33 ಗೇಟುಗಳನ್ನೂ ಬದಲಿಸಬೇಕೆಂಬ ಶಿಫಾರಸು ಬಂದಿದೆ. ಕೆಲಸದ ಜಾಗದ ಮಾತುಕತೆ ಕುರಿತ ಈ ಲೇಖನಕ್ಕೆ ಬೇಕಾದದ್ದು ಆ ವಾರದ ಇನ್ನೊಂದು ಸಂಗತಿ. ಅರವತ್ತು ಅಡಿ ಉದ್ದದ ಉಕ್ಕನ್ನು ಧುಮ್ಮಿಕ್ಕುವ ನೀರಿಗೆ ಇಳಿಸುವಾಗ ಎರಡೂ ತುದಿ ಒಂದೇ ಮಟ್ಟದಲ್ಲಿ ಇಳಿಯಬೇಕು. ಒಂದು ಕಡೆ ಕೊಂಚ ಮುಂದಾದರೂ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಕ್ರೇನ್ ನಡೆಸುವವನಿಗೆ ತನ್ನ ಕೊಕ್ಕೆಯ ಕೆಳಗಿನದು ಪೂರ್ತಿ ಕಾಣುವುದಿಲ್ಲ, ಅಂಚಿನಲ್ಲಿ ನಿಂತವನ ಕೈಸನ್ನೆಯನ್ನೇ ನಂಬಬೇಕು. ಅಂಥ ಹೊತ್ತಿನಲ್ಲಿ ಅಂಚಿನವನು ‘ನಿಲ್ಸು’ ಅಂದರೆ ನಿಲ್ಲಿಸುತ್ತಾರೆ. ‘ನೀನ್ಯಾರು ಹೇಳೋಕೆ?’ ಎಂದು ಯಾರೂ ಕೇಳುವುದಿಲ್ಲ, ಅವನು ಕಾಯಂ ನೌಕರನೋ ಗುತ್ತಿಗೆಯವನೋ ಎಂದು ವಿಚಾರಿಸುವುದಿಲ್ಲ. ಆಪತ್ತು ಬಂದಾಗ ಹುದ್ದೆಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಆದರೆ ಏನೂ ಆಗದ ಒಂದು ಸಾದಾ ಮಂಗಳವಾರ ಅದೇ ಮನುಷ್ಯ ಅದೇ ಮಾತನ್ನು ಹೇಳಲಾರ. ಹೇಳಿದರೂ ಕೇಳುವವರಿಲ್ಲ. ಗಣಿ, ಕಾರ್ಖಾನೆ, ರೆಸಾರ್ಟ್, ಬ್ಯಾಂಕು, ಶಾಲೆ ಎಲ್ಲೆಡೆಯೂ ನಿಜವಾದ ಪ್ರಶ್ನೆ ಇರುವುದು ಈ ಸಾದಾ ಮಂಗಳವಾರದಲ್ಲಿ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಧೈರ್ಯ. ಪ್ರಾಮಾಣಿಕರಾಗಿರಿ, ಭಯ ಬಿಡಿ ಎಂದು ಪ್ರೇರಣಾ ಭಾಷಣಕಾರರು ಹೇಳುತ್ತಾರೆ. ನಮ್ಮ ಗಾದೆ ಅವರಿಗಿಂತ ಜಾಣ: ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೊದ್ದರಂತೆ. ಹೇಳುವವನಿಗೆ ಧೈರ್ಯ ಕಡಿಮೆ ಎಂದು ಗಾದೆ ದೂರುವುದಿಲ್ಲ, ಒದೆಯುವ ಕಾಲಿನ ಕಡೆ ಬೆರಳು ತೋರಿಸುತ್ತದೆ. ನನ್ನ ವಾದವೂ ಅಷ್ಟೇ. ಕೆಲಸದ ಜಾಗದಲ್ಲಿ ನಿಜ ಹೊರಬರುವುದು ಹೇಳುವವರ ಗುಂಡಿಗೆಯಿಂದಲ್ಲ, ಕೇಳುವವರ ನಡವಳಿಕೆಯಿಂದ. ಸಹಾನುಭೂತಿ ಎಂದರೆ ಮೆದು ದನಿಯಲ್ಲಿ ಮಾತಾಡುವುದು, ಬೆನ್ನು ತಟ್ಟುವುದು ಎಂದು ತಿಳಿದವರಿದ್ದಾರೆ. ಈ ಮಾತು ಹೇಳಿದ್ದಕ್ಕೆ ಎದುರಿನವನಿಗೆ ಏನು ನಷ್ಟವಾಗುತ್ತದೆ ಎಂದು ಅರಿಯುವುದು, ಆ ನಷ್ಟದಲ್ಲಿ ಒಂದು ಪಾಲನ್ನು ತಾನು ಹೊರುವುದು, ಕೆಲಸದಲ್ಲಿ ಉಪಯೋಗಕ್ಕೆ ಬರುವ ಸಹಾನುಭೂತಿ ಇದು.

ಲೋಕದ ಅನುಭವವೂ ಇದನ್ನೇ ಹೇಳುತ್ತದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಮಂಜು ಮುಸುಕಿದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹೊರಡುತ್ತಿದ್ದ ಕೆಎಲ್‌ಎಂ ವಿಮಾನದ ಫ್ಲೈಟ್ ಎಂಜಿನಿಯರ್, ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂಬ ಅನುಮಾನವನ್ನು ಬಾಯಿಬಿಟ್ಟು ಕೇಳಿದ್ದರು. ಹಿರಿಯ ಕ್ಯಾಪ್ಟನ್ ಬಿಟ್ಟಿದೆ ಎಂದರು, ವಿಷಯ ಅಲ್ಲಿಗೆ ಮುಗಿಯಿತು. ಅನುಮಾನ ಬಂದವನು ಇದ್ದ, ಹೇಳಿಯೂ ಹೇಳಿದ, ಎರಡನೇ ಸಲ ಹೇಳಲು ಅವಕಾಶ ಇರಲಿಲ್ಲ. ಇಂಥ ಅಪಘಾತಗಳ ಬಳಿಕವೇ ವಿಮಾನಯಾನದಲ್ಲಿ ಕಿರಿಯರು ಎತ್ತಿದ ಅನುಮಾನವನ್ನು ಹಿರಿಯರು ಹೇಗೆ ಸ್ವೀಕರಿಸಬೇಕು ಎಂಬುದು ತರಬೇತಿಯ ಭಾಗವಾಯಿತು. 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದ ಹಿಂದಿನ ರಾತ್ರಿಯೂ ಎಂಜಿನಿಯರುಗಳು ಚಳಿಗೆ ರಬ್ಬರ್ ಸೀಲ್ ಗಟ್ಟಿಯಾಗುತ್ತದೆ, ಉಡಾವಣೆ ಬೇಡ ಎಂದಿದ್ದರು. ಹಾರ್ವರ್ಡ್‌ನ ಎಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಭ್ಯಸಿಸಿದಾಗ ಒಳ್ಳೆಯ ತಂಡಗಳಲ್ಲಿ ಔಷಧದ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡಿದ್ದರು. ದಾಖಲೆ ನೋಡಿದರೆ ಹೆಚ್ಚಿದ್ದವು! ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವೆಂದಲ್ಲ, ಆದ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ ಎಂಬ ವಿವರಣೆಗೆ ಅವರು ಬಂದರು. ‘ನಮ್ಮಲ್ಲಿ ಒಂದೂ ದೂರು ಇಲ್ಲ’ ಎಂದು ಎದೆಯುಬ್ಬಿಸುವ ಮ್ಯಾನೇಜರು ಇದನ್ನು ಒಂದು ಕ್ಷಣ ಯೋಚಿಸಬೇಕು.

ಇನ್ನು ನಮ್ಮ ಸೀಮೆಯ ಲೆಕ್ಕ. ಸಂಡೂರಿನ ಅದಿರು ಸಾಗಣೆಯಲ್ಲಿ ಟ್ರಿಪ್ ಲೆಕ್ಕದಲ್ಲಿ ಕೂಲಿ ಪಡೆಯುವ ಚಾಲಕ ಬ್ರೇಕ್ ಸರಿಯಿಲ್ಲ ಎಂದರೆ ಆ ದಿನದ ಟ್ರಿಪ್ ಹೋಯಿತು, ಸಂಪಾದನೆಯೂ ಹೋಯಿತು. ಇನ್ನೊಬ್ಬ ಚಾಲಕ ಅದೇ ಗಾಡಿ ಹತ್ತಲು ತಯಾರಿದ್ದಾನೆ ಎಂಬುದೂ ಅವನಿಗೆ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ಸಾಲುಗಟ್ಟಿ ನಿಂತದ್ದನ್ನು ಕಂಡ ತಲೆಮಾರು ಇದು. ಕೆಲಸ ನಿಂತರೆ ಒಲೆ ನಿಲ್ಲುತ್ತದೆ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹಂಪಿಯ ಸುತ್ತಿನ ರೆಸಾರ್ಟು, ಹೋಂಸ್ಟೇಗಳಲ್ಲಿ ಚಳಿಗಾಲದ ಕೆಲವು ತಿಂಗಳ ಸೀಸನ್‌ನಲ್ಲಿ ದುಡಿದದ್ದೇ ವರ್ಷದ ಗಂಟು. ಮಾಲೀಕನಿಗೆ ಎದುರಾಡಿದವನನ್ನು ಮುಂದಿನ ಸೀಸನ್‌ಗೆ ಕರೆಯದಿದ್ದರೆ ಕೇಳುವ ಹಾಗಿಲ್ಲ. ನಷ್ಟದ ಜೊತೆಗೆ ಭಾಷೆಯ ತೊಡಕೂ ಇದೆ. ತುಂಗಭದ್ರಾ ಮಂಡಳಿಯಲ್ಲೋ, ಒಂದೇ ಅಣೆಕಟ್ಟಿನ ಮೇಲೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ಹಿತ ಕೂಡಿಕೊಂಡಿದೆ, ಟಿ.ಬಿ. ಡ್ಯಾಂ ಕ್ವಾರ್ಟರ್ಸ್‌ನಲ್ಲಿ ಕನ್ನಡ ತೆಲುಗು ಎರಡೂ ಮನೆಮಾತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಂದ ಉತ್ತರದ ಹುಡುಗರು ಹಿಂದಿಯಲ್ಲಿ ಕೇಳಿಸಿಕೊಳ್ಳುತ್ತಾರೆ, ಲಂಬಾಣಿ ತಾಂಡಾದಿಂದ ಬಂದವರು ಗೋರ್‌ಬೋಲಿಯಲ್ಲಿ ಯೋಚಿಸುತ್ತಾರೆ, ಸೂಚನಾ ಫಲಕ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಇಂಥಲ್ಲಿ ‘ಅರ್ಥ ಆಯ್ತಾ?’ ಎಂದರೆ ಬರುವ ‘ಹೂಂ ಸಾರ್’ ಎಂಬುದಕ್ಕೆ ಕವಡೆಯ ಬೆಲೆಯೂ ಇಲ್ಲ. ‘ಈಗ ಮೊದಲು ಏನು ಮಾಡ್ತೀಯ, ಹೇಳು’ ಎಂದು ಅವನ ಬಾಯಿಂದಲೇ ಹೇಳಿಸಬೇಕು. ಸೂಚನೆ ಮುಟ್ಟಿತೋ ಇಲ್ಲವೋ ತಿಳಿಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಹೇಳುವವರಿಗೆ ಒಂದು ಮಾತು. ಅನುಮಾನವನ್ನು ಅನುಮಾನದ ದನಿಯಲ್ಲೇ ಹೇಳಿದರೆ ಅದು ಗಾಳಿಗೆ ಹೋಗುತ್ತದೆ. ‘ಅಣ್ಣ, ಗಾಡಿ ಯಾಕೋ ಸರಿ ಇಲ್ಲ ಅನ್ಸುತ್ತೆ’ ಎಂದರೆ ‘ಏನಾಗಲ್ಲ, ಹೊಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದನ್ನೇ ಹೀಗೆ ಹೇಳಿದರೆ: ‘ಅಣ್ಣ, ಇಳುಕಲಿನ್ಯಾಗ ಬ್ರೇಕ್ ಒತ್ತಿದ್ರೆ ಗಾಡಿ ಎಡಕ್ಕ ಎಳೀತೈತಿ. ನಿನ್ನೆ ಖಾಲಿ ಗಾಡ್ಯಾಗೂ ಎಳೀತು, ಇವತ್ತು ಲೋಡಿನ್ಯಾಗ ಜಾಸ್ತಿ ಆತು. ಈ ಲೋಡ್ ಇಳಿಸಿ ಗ್ಯಾರೇಜಿಗೆ ಹಾಕ್ತೀನಿ, ಮೆಕ್ಯಾನಿಕ್ ನೋಡಿದ ಮ್ಯಾಲೆ ಮುಂದಿನ ಟ್ರಿಪ್.’ ಇಲ್ಲಿ ಕಂಡದ್ದು ಏನು, ಎಂದಿನಿಂದ, ಹೆಚ್ಚುತ್ತಿದೆಯೋ ಇಲ್ಲವೋ, ತಾನೇನು ಮಾಡಬೇಕೆಂದಿದ್ದೇನೆ ಎಂಬುದೆಲ್ಲ ಇದೆ. ಯಾರ ಮೇಲೂ ಆರೋಪವಿಲ್ಲ. ಇದಕ್ಕೂ ‘ಹೊಡಿ’ ಎನ್ನಬಹುದು, ಆದರೆ ಈಗ ಹಾಗೆನ್ನುವವನು ತಾನು ಏನನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದೇನೆ ಎಂದು ತಿಳಿದೇ ಎನ್ನಬೇಕಾಗುತ್ತದೆ. ಆಫೀಸಿನಲ್ಲೂ ಹೀಗೆಯೇ. ‘ಕೆಲಸ ತುಂಬಾ ಆಗ್ತಿದೆ’ ಎಂಬುದು ಗೊಣಗಾಟದ ಹಾಗೆ ಕೇಳುತ್ತದೆ. ‘ಈ ವಾರ ಮೂರು ಫೈಲ್ ಇವೆ, ಎರಡನ್ನು ಸರಿಯಾಗಿ ಮುಗಿಸಬಲ್ಲೆ, ಯಾವುದನ್ನು ಮುಂದಕ್ಕೆ ಹಾಕಲಿ?’ ಎಂದರೆ ಅದಕ್ಕೆ ಉತ್ತರ ಕೊಡಲೇಬೇಕು.

ಕೇಳುವವರ ಕೆಲಸ ಇದಕ್ಕಿಂತ ಕಷ್ಟ, ಯಾಕೆಂದರೆ ಎಲ್ಲವೂ ತೀರ್ಮಾನವಾಗುವುದು ಅವರ ಬಾಯಿಂದ ಬರುವ ಮೊದಲ ವಾಕ್ಯದಲ್ಲಿ. ‘ಯಾರು ಮಾಡಿದ್ದು?’ ಎಂಬ ಪ್ರಶ್ನೆ ಮೊದಲು ಬಂದರೆ ಮುಂದೆ ಅಲ್ಲಿ ಯಾರೂ ಏನನ್ನೂ ತರುವುದಿಲ್ಲ. ‘ಎಲ್ಲಿ? ನಡಿ, ತೋರ್ಸು’ ಎಂಬುದು ಮೊದಲು ಬಂದರೆ, ಹೇಳಿದವನ ಮಾತು ನಿಜವೆಂದು ಒಪ್ಪಿದಂತಲ್ಲದಿದ್ದರೂ ಪರೀಕ್ಷೆಗೆ ಯೋಗ್ಯ ಎಂದು ಒಪ್ಪಿದಂತಾಯಿತು. ಹೊಣೆ ಯಾರದ್ದು ಎಂಬುದನ್ನು ಆಮೇಲೆ ಹುಡುಕಬಹುದು, ಹುಡುಕಲೂ ಬೇಕು, ಆದರೆ ಆಮೇಲೆ. ಹೋಗಿ ನೋಡಿದಾಗ ಏನೂ ಇಲ್ಲದಿದ್ದರೆ? ಪರೀಕ್ಷೆ ಇರುವುದು ಅಲ್ಲೇ. ‘ಸುಮ್ನೆ ಎಳೆದಾಡಿಸಿದೆ’ ಎಂದು ಸಿಡುಕಿದರೆ ಆ ಒಬ್ಬನಷ್ಟೇ ಅಲ್ಲ, ಸುತ್ತ ನಿಂತು ನೋಡುತ್ತಿದ್ದ ಹತ್ತು ಜನ ಪಾಠ ಕಲಿಯುತ್ತಾರೆ. ಜೊತೆಗೆ, ಮೇಲಿನವರು ತಮ್ಮ ಕೈಲಿಲ್ಲದ್ದನ್ನು ಕೈಲಿಲ್ಲ ಎಂದೇ ಹೇಳಬೇಕು. ‘ನೋಡೋಣ’ ಎಂಬ ಮಾತಿಗೆ ನಮ್ಮಲ್ಲಿ ‘ಇಲ್ಲ’ ಎಂಬ ಅರ್ಥ ಬಂದು ಬಹಳ ಕಾಲವಾಯಿತು. ‘ಈ ತಿಂಗಳು ಬಜೆಟ್ ಇಲ್ಲ, ಮೇಲಕ್ಕೆ ಬರೆದಿದ್ದೇನೆ, ಅಲ್ಲಿವರೆಗೆ ಆ ಕಡೆ ಯಾರೂ ಹೋಗಬೇಡಿ’ ಎಂದರೆ ಕೇಳಿದವನಿಗೆ ನಿರಾಸೆಯಾದೀತು, ಮೋಸ ಹೋದೆ ಎನಿಸದು.

ಮಾತು ಗಾಳಿಯಲ್ಲಿ ಹೋಗದಂತೆ ಬರಹ ಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮುಂಗಾರಿಗೆ ಮೊದಲು ಮತ್ತು ನಂತರ ತಪಾಸಣೆ ನಡೆಯಬೇಕು, ಲಾಗ್ ಬುಕ್ ಇಡಬೇಕು ಎನ್ನುತ್ತದೆ. ಕಾರ್ಖಾನೆಗಳಲ್ಲಿ ಶಿಫ್ಟ್ ರಿಜಿಸ್ಟರ್ ಇದ್ದೇ ಇರುತ್ತದೆ. ಆದರೆ ತಿಂಗಳಿಡೀ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ‘ಓಕೆ, ಓಕೆ’ ಎಂದು ತುಂಬಿದ ರಿಜಿಸ್ಟರನ್ನು ತಿಂಗಳ ಕೊನೆಗೆ ಕೂತು ಬರೆದದ್ದೆಂದು ಗುರುತಿಸಲು ದೊಡ್ಡ ಜಾಣತನ ಬೇಕಿಲ್ಲ. ಪ್ರತಿ ನಮೂದಿನ ಎದುರಿಗೆ ಇನ್ನೊಂದು ಕಾಲಂ ಇರಲಿ: ಯಾರು ನೋಡಿದರು, ಏನು ಮಾಡಿದರು, ಯಾವ ತಾರೀಕು. ಆ ಕಾಲಂ ಖಾಲಿಯಿದ್ದರೆ ಮೊದಲನೆಯದೂ ಕ್ರಮೇಣ ಸುಳ್ಳಾಗುತ್ತದೆ, ಯಾರೂ ಓದದ್ದನ್ನು ಯಾರು ನಿಜವಾಗಿ ಬರೆಯುತ್ತಾರೆ? ಪಾಳಿ ಬದಲಾಗುವ ಹೊತ್ತಿನ ಐದು ನಿಮಿಷ ಇನ್ನೂ ಬೆಲೆಯುಳ್ಳದ್ದು. ಅಲ್ಲಿ ಮಾತಾಡುವವರು ಸರೀಕರು, ಹುದ್ದೆಯ ಅಂಜಿಕೆ ಇಲ್ಲ. ಸಾಹೇಬರಿಗೆ ಹೇಳದ್ದನ್ನೂ ಅಲ್ಲಿ ಹೇಳುತ್ತಾರೆ. ಹೋಗುವ ಪಾಳಿಯವರು ಬಸ್ಸಿಗೆ ಓಡುವಂತೆ ವೇಳೆ ಇಟ್ಟರೆ ಆ ಮಾತೇ ಸಾಯುತ್ತದೆ. ವಾಟ್ಸ್ಆ್ಯಪ್ ಗ್ರೂಪಿನ ಬಗ್ಗೆ ಒಂದೇ ನಿಯಮ ಸಾಕು: ಮೆಚ್ಚುಗೆ ಗ್ರೂಪಿನಲ್ಲಿ, ತಪ್ಪು ತಿದ್ದುವುದು ಎದುರಾಬದುರು ಕೂತು, ಅಪಾಯದ ಸುದ್ದಿ ಫೋನಿನಲ್ಲಿ. ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ಬೈದು ನೀಲಿ ಟಿಕ್ ಎಣಿಸುವವರು ಮಾಡುವುದಕ್ಕೆ ಸಂವಹನ ಎಂದು ಹೆಸರಿಡಬಾರದು.

ಆಕ್ಷೇಪಗಳಿವೆ. ಮೊದಲನೆಯದು, ಹೀಗೆ ಎಲ್ಲರ ಮಾತಿಗೂ ಕೆಲಸ ನಿಲ್ಲಿಸುತ್ತ ಹೋದರೆ ಉತ್ಪಾದನೆ ಗತಿಯೇನು ಎಂಬುದು. ಟೊಯೋಟಾ ಕಾರ್ಖಾನೆಯಲ್ಲಿ ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಕರೆಗೊಡಬಹುದು, ಬೇಗ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಆ ಕಂಪನಿ ಅದರಿಂದ ಮುಳುಗಲಿಲ್ಲ. ಎರಡನೆಯದು ಮರ್ಯಾದೆಯದ್ದು: ದೊಡ್ಡವರ ಎದುರು ಮಾತಾಡುವುದು ನಮ್ಮ ಪದ್ಧತಿಯಲ್ಲ ಎಂಬುದು. ಹನ್ನೆರಡನೇ ಶತಮಾನದಲ್ಲೇ ಕಾಯಕದವರೆಲ್ಲ ಕೂತು ವಾದ ಮಾಡಿದ ನಾಡಿನಲ್ಲಿ ಈ ಮಾತು ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ. ಅದಿರಲಿ, ‘ರೀ’ ಹಚ್ಚಿಯೇ ನಿಜ ಹೇಳಲು ಕನ್ನಡದಲ್ಲಿ ಯಾವ ಅಡ್ಡಿಯೂ ಇಲ್ಲ. ಇದರ ಇನ್ನೊಂದು ಮುಖವೆಂದರೆ ಒರಟುತನವನ್ನೇ ಪ್ರಾಮಾಣಿಕತೆ ಎಂದು ಮಾರುವವರು. ‘ನಾನು ನೇರಾನೇರ’ ಎಂದು ಹೇಳಿಕೊಳ್ಳುವವರು ಎಷ್ಟು ಜನ ತಮಗಿಂತ ಮೇಲಿನವರ ಎದುರೂ ಅಷ್ಟೇ ನೇರ ಇರುತ್ತಾರೆ ಎಂದು ನೋಡಿದರೆ ಸಾಕು.

ಮೂರನೆಯ ಆಕ್ಷೇಪ ನಿಜಕ್ಕೂ ಗಟ್ಟಿ. ‘ಮನ ಬಿಚ್ಚಿ ಮಾತಾಡಿ’ ಎಂದು ಸಭೆ ಕರೆದು, ಮಾತಾಡಿದವರ ಹೆಸರು ಬರೆದಿಟ್ಟುಕೊಂಡು, ಮುಂದಿನ ಗುತ್ತಿಗೆ ನವೀಕರಣದಲ್ಲಿ ಕೈಬಿಡುವವರು ಇದ್ದಾರೆ. ಹಾಗಿರುವಲ್ಲಿ ಸಹಾನುಭೂತಿಯ ಪಾಠ ಕೂಲಿಯವನಿಗೆ ಬಲೆಯಾದೀತು. ಒಪ್ಪುತ್ತೇನೆ, ಅದಕ್ಕೇ ಒಳ್ಳೆಯ ಮನಸ್ಸೊಂದನ್ನೇ ನಂಬಬೇಡಿ. ಒಬ್ಬನೇ ಹೋಗುವ ಬದಲು ನಾಲ್ವರು ಸೇರಿ ಹೇಳಿ, ಹೇಳಿದ್ದನ್ನು ತಾರೀಕು ಸಮೇತ ಬರೆದು ಒಂದು ಪ್ರತಿ ಇಟ್ಟುಕೊಳ್ಳಿ. ಐನೂರು ಅಥವಾ ಹೆಚ್ಚು ಜನ ದುಡಿಯುವ ಗಣಿಯಲ್ಲಿ ಕಾರ್ಮಿಕರ ಪರವಾಗಿ ತಪಾಸಣೆ ಮಾಡುವ ವರ್ಕ್‌ಮೆನ್ಸ್ ಇನ್ಸ್‌ಪೆಕ್ಟರ್, ನೂರಕ್ಕಿಂತ ಹೆಚ್ಚು ಜನರಿರುವಲ್ಲಿ ಸುರಕ್ಷತಾ ಸಮಿತಿ ಇರಬೇಕೆಂಬುದು ಗಣಿ ನಿಯಮಗಳಲ್ಲಿ ಹಿಂದಿನಿಂದ ಬಂದದ್ದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಜೀವಕ್ಕೆ ಅಪಾಯ ಕಂಡರೆ ಅದನ್ನು ಮಾಲೀಕರ ಗಮನಕ್ಕೆ ತರುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟಿದೆ. ಕಾನೂನು ಇದ್ದ ಮಾತ್ರಕ್ಕೆ ಮೇಸ್ತ್ರಿಯ ಮುಖ ಸಡಿಲವಾಗದು ನಿಜ. ಆದರೂ ಹಕ್ಕಿನ ಆಸರೆಯಿದ್ದವನ ಮಾತು ಬೇಡಿಕೊಳ್ಳುವವನ ಮಾತಿಗಿಂತ ಬೇರೆ ರೀತಿ ಕೇಳಿಸುತ್ತದೆ.

ಲೈಂಗಿಕ ಕಿರುಕುಳದ ವಿಷಯದಲ್ಲಂತೂ ಮೇಲಿನವರ ಒಳ್ಳೆಯತನಕ್ಕೆ ಕಾಯುವ ಪ್ರಶ್ನೆಯೇ ಇಲ್ಲ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು. ಹಂಪಿ, ಆನೆಗೊಂದಿ ಕಡೆಯ ಪುಟ್ಟ ಹೋಂಸ್ಟೇಗಳಲ್ಲಿ ಅಷ್ಟು ಜನ ಇರುವುದಿಲ್ಲ. ಅಲ್ಲಿಯ ಮಹಿಳೆಯರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. 2021ರಲ್ಲಿ ಜಿಲ್ಲೆ ಒಡೆದ ಮೇಲೆ ಹೊಸಪೇಟೆ, ಹಂಪಿಯವರಿಗೆ ವಿಜಯನಗರ ಜಿಲ್ಲೆ, ಸಂಡೂರು, ಕಂಪ್ಲಿಯವರಿಗೆ ಬಳ್ಳಾರಿ, ಹೊಳೆಯಾಚೆ ಆನೆಗೊಂದಿಯವರಿಗೆ ಕೊಪ್ಪಳ. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಸಹೋದ್ಯೋಗಿ ಬಂದು ಹೇಳಿಕೊಂಡಾಗ ‘ಅವರು ಹಾಗಲ್ಲ ಬಿಡಮ್ಮ’ ಎನ್ನದಿರುವುದು, ಹೇಳಿದ್ದನ್ನು ಕ್ಯಾಂಟೀನಿಗೆ ಒಯ್ಯದಿರುವುದು, ದೂರು ಬರೆಯುವಾಗ ಜೊತೆಗೆ ಕೂರುವುದು, ಇಷ್ಟನ್ನು ಯಾರಾದರೂ ಮಾಡಬಹುದು. ಮನೆಯ ಸಾವುನೋವು, ಸಾಲ, ನಿದ್ದೆ ಬಾರದ ರಾತ್ರಿಗಳ ಮಾತು ಬಂದಾಗ ಉಪದೇಶಕ್ಕೆ ಇಳಿಯಬೇಡಿ, ಕೆಲಸದಲ್ಲಿ ಏನು ಸಡಿಲಿಸಬಹುದು ಎಂದು ಕೇಳಿ: ‘ಈ ವಾರ ರಾತ್ರಿ ಪಾಳಿ ನಾನು ನೋಡ್ಕೊಳ್ಳಲಾ?’ ನಿಮ್ಮ ಕೈಮೀರಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಇದನ್ನೆಲ್ಲ ಯಾರಿಂದ ಶುರು ಮಾಡಬೇಕು? ಎಂಡಿ ಸಾಹೇಬರ ಭಾಷಣದಿಂದಲ್ಲ, ಗುತ್ತಿಗೆದಾರನ ಸೂಪರ್‌ವೈಸರ್‌ನಿಂದ. ಮೇಲಿನಿಂದ ಟಾರ್ಗೆಟ್ಟಿನ ಬೈಗುಳ ತಿನ್ನುವವನು ಅವನೇ, ಕೆಳಕ್ಕೆ ಅದನ್ನು ದಾಟಿಸುವವನೂ ಅವನೇ. ಅವನಿಗೆ ಸಹಾನುಭೂತಿಯ ಕುರಿತು ಒಂದು ದಿನದ ತರಬೇತಿ ಕೊಟ್ಟು ಸಂಜೆ ಟನ್ನಿನ ಲೆಕ್ಕ ಕೇಳಿದರೆ ಅವನು ಯಾವುದನ್ನು ನೆನಪಿಡುತ್ತಾನೆ ಎಂದು ಹೇಳಬೇಕಿಲ್ಲ. ಅಪಾಯ ಕಂಡು ನಿಲ್ಲಿಸಿದ ಗಂಟೆಗಳನ್ನು ಅವನ ಟಾರ್ಗೆಟ್ಟಿನಿಂದ ಕಳೆಯಬೇಕು. ಬ್ರೇಕ್ ತೋರಿಸಲು ನಿಂತ ಚಾಲಕನಿಗೆ ಆ ಟ್ರಿಪ್ಪಿನ ಕೂಲಿ ಸಿಗಬೇಕು, ಮೆಕ್ಯಾನಿಕ್ ನೋಡಿ ಏನೂ ಇಲ್ಲ ಎಂದರೂ ಸಿಗಬೇಕು. ಸಾಗಣೆ ಗುತ್ತಿಗೆಯ ಕರಾರಿನಲ್ಲಿ ಇದು ಎರಡು ಸಾಲು ಹಿಡಿಯುತ್ತದೆ. ಮುಂದಿನ ಟೆಂಡರ್ ಕರೆಯುವ ಮೊದಲೇ ಆ ಎರಡು ಸಾಲು ಸೇರಿಸಿ ಎಂದು ಕೇಳುವುದು ಕಂಪನಿಯ ಸುರಕ್ಷತಾ ಅಧಿಕಾರಿಗಳಿಗೂ ಕಾರ್ಮಿಕ ಸಂಘಗಳಿಗೂ ಸಾಧ್ಯವಿರುವ ಕೆಲಸ.